ಕಾರಿನ ಬೆಲೆ ಮತ್ತು ದಾಕ್ಷಿಣ್ಯ: ಉತ್ತರ ಕನ್ನಡದಲ್ಲಿ ಹಳೆಯ ಕಾರು ಕೊಳ್ಳುವವರಿಗೂ ಮಾರುವವರಿಗೂ

ಉತ್ತರ ಕನ್ನಡದಲ್ಲಿ ಹಳೆಯ ಕಾರು ಪೂರ್ತಿ ಅಪರಿಚಿತರ ಕೈಯಿಂದ ಬರುವುದು ಅಪರೂಪ. ಶಿರಸಿ, ಸಿದ್ದಾಪುರದ ಕಡೆ ಅದು ನೆಂಟರ ಮನೆಯದ್ದೋ ಅಡಿಕೆ ವಖಾರಿಯಲ್ಲಿ ಪರಿಚಯವಾದವರದ್ದೋ ಆಗಿರುತ್ತದೆ. ಕಾರವಾರ, ಅಂಕೋಲೆಯಲ್ಲಿ ಕಚೇರಿಯ ಸಹೋದ್ಯೋಗಿಯದ್ದೋ ಪಕ್ಕದ ಬೀದಿಯ ಡಾಕ್ಟರದ್ದೋ ಆಗಿರುತ್ತದೆ. ಬೆಲೆಯ ಮಾತು ಆರಂಭವಾಗುವುದು ಜಗಲಿಯ ಮೇಲೆ, ಚಹಾ ಮುಗಿದ ನಂತರ, ಕವಳದ ತಟ್ಟೆಯ ಎದುರಿಗೆ. ಅಲ್ಲಿ ಕುಳಿತು ‘ನಿಮ್ಮ ಕಾರು ಇಷ್ಟು ಬಾಳುವುದಿಲ್ಲ’ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ನನ್ನ ಅನುಭವದಲ್ಲಿ ಇಲ್ಲಿನ ಕಾರುಗಳಲ್ಲಿ ಈ ದಾಕ್ಷಿಣ್ಯದಷ್ಟು ದುಬಾರಿಯಾದ ಬಿಡಿಭಾಗ ಬೇರೊಂದಿಲ್ಲ.

ನಾನು ಮೊದಲ ಸಲ ಹಳೆಯ ಕಾರು ಕೊಂಡದ್ದು ದೂರದ ನೆಂಟರೊಬ್ಬರಿಂದ. ಬಗ್ಗಿ ಕಾರಿನ ಕೆಳಗೆ ನೋಡಿದರೆ ಅವರಿಗೆ ಬೇಸರವಾದೀತೆಂದು ನಿಂತಲ್ಲಿಂದಲೇ ನೋಡಿ ಒಪ್ಪಿಕೊಂಡೆ. ಮೊದಲ ಮಳೆಗಾಲದಲ್ಲೇ ಚಾಲಕನ ಕಾಲಿನ ಬಳಿಯ ತಗಡು ತೂತಾಗಿ ನೀರು ಒಳಗೆ ಬಂತು, ಮತ್ತು ಅಲ್ಲಿಗೆ ಹೊಸ ತಗಡು ಹಚ್ಚಿಸಲು ಆದ ಖರ್ಚು ನಾನು ಕೇಳಲು ನಾಚಿಕೊಂಡಿದ್ದ ರಿಯಾಯಿತಿಗಿಂತ ಹೆಚ್ಚಾಯಿತು. ಅಂದಿನಿಂದ ನಾನು ಚೌಕಾಸಿಯ ಕೆಲಸವನ್ನು ಕಾಗದಕ್ಕೆ ಒಪ್ಪಿಸಿದ್ದೇನೆ. ಗ್ಯಾರೇಜಿನವರು ಬರೆದುಕೊಟ್ಟ ಪಟ್ಟಿ, ವಿಮೆಯ ಪತ್ರ, ಆರ್‌ಸಿ, ಅದೇ ಮಾದರಿಯ ಬೇರೆ ಕಾರುಗಳ ಬೆಲೆ ಇವು ನಾಲ್ಕು ಕೈಯಲ್ಲಿದ್ದರೆ ಬೆಲೆ ಇಳಿಸುವ ಮಾತನ್ನು ನಾವು ಆಡಬೇಕಾಗುವುದಿಲ್ಲ. ಕಾಗದವೇ ಆಡುತ್ತದೆ, ಸಂಬಂಧಕ್ಕೂ ಧಕ್ಕೆ ಬರುವುದಿಲ್ಲ.

ಮನೆಯಲ್ಲೇ ಮಾಡಿಕೊಳ್ಳಬೇಕಾದ ಲೆಕ್ಕ

ಕಾರು ನೋಡಲು ಹೊರಡುವ ಮೊದಲು ಅದೇ ಮಾದರಿಯ, ಅದೇ ವರ್ಷದ, ಅದೇ ಇಂಧನದ, ಅಷ್ಟೇ ಮಾಲೀಕರ ಕೈ ದಾಟಿದ ಎಂಟು-ಹತ್ತು ಕಾರುಗಳ ಜಾಹೀರಾತು ನೋಡಿ ಬೆಲೆಗಳನ್ನು ಬರೆದುಕೊಳ್ಳಬೇಕು. ಜಿಲ್ಲೆಯೊಳಗಿನ ಕಾರುಗಳಷ್ಟೇ ಸಾಲವು. ಹುಬ್ಬಳ್ಳಿ ಮತ್ತು ಮಂಗಳೂರಿನ ಬೆಲೆಗಳನ್ನೂ ಸೇರಿಸಿಕೊಳ್ಳಬೇಕು, ಏಕೆಂದರೆ ಅಲ್ಲಿ ಕಾರುಗಳು ಹೆಚ್ಚು, ಪೈಪೋಟಿಯೂ ಹೆಚ್ಚು. ಜಾಹೀರಾತಿನಲ್ಲಿರುವುದು ಮಾರುವವರು ಬಯಸುವ ಬೆಲೆ, ವ್ಯವಹಾರ ಕುದುರುವುದು ಅದಕ್ಕಿಂತ ಕೆಳಗೆ ಎಂಬುದನ್ನೂ ನೆನಪಿಟ್ಟುಕೊಳ್ಳಬೇಕು.

ಎರಡನೆಯ ಅಳತೆ ವಿಮಾ ಪತ್ರದಲ್ಲಿ ಐಡಿವಿ ಎಂದು ನಮೂದಾಗಿರುವ ಮೊತ್ತ, ಅಂದರೆ ಕಾರು ಕಳುವಾದರೆ ವಿಮೆಯವರು ಕೊಡುವ ಗರಿಷ್ಠ ಹಣ. ವಿಮೆಯವರು ಕಾರಿನ ವಯಸ್ಸು ನೋಡಿ ಕಂಪನಿಯ ಬೆಲೆಯಲ್ಲಿ ಸವಕಳಿ ಕಳೆಯುತ್ತಾರೆ: ಆರು ತಿಂಗಳಿಂದ ಒಂದು ವರ್ಷದ ಕಾರಿಗೆ ಶೇ 15, ಎರಡು ವರ್ಷದವರೆಗೆ ಶೇ 20, ಮೂರರವರೆಗೆ ಶೇ 30, ನಾಲ್ಕರವರೆಗೆ ಶೇ 40, ಐದರವರೆಗೆ ಶೇ 50. ಅದಕ್ಕಿಂತ ಹಳೆಯದಾದರೆ ಮೊತ್ತವನ್ನು ವಿಮೆಯವರೂ ಮಾಲೀಕರೂ ಸೇರಿ ಗೊತ್ತುಮಾಡುತ್ತಾರೆ. ಇದು ಮಾರುಕಟ್ಟೆಯ ಬೆಲೆಯಲ್ಲ. ಬೇಡಿಕೆಯಿರುವ ಕಾರು ಇದಕ್ಕಿಂತ ಮೇಲೆ ಮಾರಾಟವಾಗುವುದುಂಟು. ಆದರೂ ಮಾರುವವರೇ ಸಹಿ ಹಾಕಿ ಒಪ್ಪಿಕೊಂಡ ಸಂಖ್ಯೆಯಾದ್ದರಿಂದ ಅವರು ಹೇಳುವ ಬೆಲೆ ಇದರಿಂದ ಬಹಳ ದೂರದಲ್ಲಿದ್ದಾಗ ಕಾರಣ ಕೇಳುವ ಹಕ್ಕು ನಮಗೆ ಸಿಗುತ್ತದೆ.

ಮೂರನೆಯದು ಹೊಸ ಕಾರಿನ ಇಂದಿನ ಬೆಲೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಅದಕ್ಕೂ ಮೊದಲು ಕಾರು ಕೊಂಡವರ ಮನಸ್ಸಿನಲ್ಲಿ ಅಂದು ಕೊಟ್ಟ ಹಣವೇ ಗಟ್ಟಿಯಾಗಿ ಕುಳಿತಿರುತ್ತದೆ, ‘ನಾನು ಎಂಟು ಲಕ್ಷ ಕೊಟ್ಟಿದ್ದೇನೆ’ ಎಂದೇ ಅವರು ಮಾತು ಶುರು ಮಾಡುತ್ತಾರೆ. ಅವರು ಅಂದು ಎಷ್ಟು ಕೊಟ್ಟರು ಎಂಬುದಕ್ಕೂ ಈ ವ್ಯವಹಾರಕ್ಕೂ ಸಂಬಂಧವಿಲ್ಲ. ಅದೇ ಕಾರು ಇಂದು ಹೊಸದಾಗಿ ಎಷ್ಟಕ್ಕೆ ಸಿಗುತ್ತದೆ ಎಂಬುದರಿಂದ ಲೆಕ್ಕ ಹಿಡಿಯಬೇಕು.

ಯಾವ ತಿಂಗಳಿನಲ್ಲಿ ಕೇಳಬೇಕು

ನಮ್ಮಲ್ಲಿ ಕೈಯಲ್ಲಿ ಹಣ ಓಡಾಡುವ ಕಾಲಕ್ಕೆ ಒಂದು ಲಯವಿದೆ. ಘಟ್ಟದ ಮೇಲೆ ಅಡಿಕೆ ಕೊಯ್ಲು ಮುಗಿದು ಮಾಲು ಸಂಘಕ್ಕೆ ಹೋದ ಮೇಲೆ, ಅಂದರೆ ಯುಗಾದಿಯ ಆಸುಪಾಸಿನಲ್ಲಿ, ಕಾರು ಹುಡುಕುವವರು ಹೆಚ್ಚು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ಎರಡು ತಿಂಗಳು ಪೇಟೆಯೇ ತಣ್ಣಗಿರುತ್ತದೆ. ಅದರ ಜೊತೆಗೆ ಆಷಾಢ ಬರುತ್ತದೆ. ಆಷಾಢದಲ್ಲಿ ವಾಹನ ಮನೆಗೆ ತರುವವರು ಕಡಿಮೆ. ಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಸಮಯವಿಲ್ಲ: ಕೇಳುವವರಿಲ್ಲದೆ ಮಾರುವವರು ಮೆತ್ತಗಾಗಿರುತ್ತಾರೆ, ಸೋರುವ ಕಾರು ಯಾವುದು ಎಂಬುದು ಜಡಿಮಳೆಯಲ್ಲಿ ತಾನಾಗಿಯೇ ಗೊತ್ತಾಗುತ್ತದೆ. ಶಾಸ್ತ್ರ ಬಿಡದವರು ವ್ಯವಹಾರ ಮುಗಿಸಿ ಮುಂಗಡ ಕೊಟ್ಟು, ಕಾರನ್ನು ಶ್ರಾವಣದಲ್ಲಿ ಮನೆಗೆ ತರಬಹುದು. ಮಾರುವವರು ಇದನ್ನೇ ತಿರುಗಿಸಿ ಓದಿಕೊಂಡು ದಸರೆ, ದೀಪಾವಳಿ ಅಥವಾ ಯುಗಾದಿಗೆ ಮೂರು ವಾರ ಮೊದಲು ಕಾರನ್ನು ಮಾರಾಟಕ್ಕೆ ಇಡುವುದು ಲೇಸು.

ಕಾರವಾರದಲ್ಲಿ ಇನ್ನೊಂದು ಋತುವಿದೆ, ವರ್ಗಾವಣೆಯದ್ದು. ನೌಕಾನೆಲೆ ಮತ್ತು ಕೈಗಾ ಅಣು ವಿದ್ಯುತ್ ಸ್ಥಾವರದ ನೌಕರರು ಊರು ಬಿಡುವಾಗ ಕಾರು ಮಾರುವುದುಂಟು. ಹೊರಡುವ ದಿನ ನಿಗದಿಯಾಗಿರುವವರು ಬೆಲೆಗಿಂತ ಖಚಿತತೆಗೆ ಹೆಚ್ಚು ಮಹತ್ವ ಕೊಡುತ್ತಾರೆ. ‘ಈ ವಾರದೊಳಗೆ ಪೂರ್ತಿ ಹಣ ಬ್ಯಾಂಕಿಗೆ ಹಾಕುತ್ತೇನೆ’ ಎಂಬ ಮಾತಿಗೆ ಅವರಲ್ಲಿ ಒಳ್ಳೆಯ ಬೆಲೆಯಿದೆ. ಆದರೆ ಆ ಕಾರುಗಳಲ್ಲಿ ಹಲವು ಹೊರರಾಜ್ಯದ ನಂಬರಿನವು, ಕೆಲವು ಬಿಎಚ್ ಸರಣಿಯವು, ಅಂದರೆ ರಾಜ್ಯದಿಂದ ರಾಜ್ಯಕ್ಕೆ ವರ್ಗವಾಗುವ ನೌಕರರಿಗೆ ಸಿಗುವ ‘ಭಾರತ್’ ನಂಬರಿನವು. ಅದರ ಲೆಕ್ಕ ಮುಂದೆ ಬರುತ್ತದೆ.

ಉಪ್ಪುಗಾಳಿ, ಘಟ್ಟ, ನೆರೆ

ಇದೇ ಈ ಜಿಲ್ಲೆಯ ಕಾರಿನ ನಿಜವಾದ ಜಾತಕ. ಮೀಟರಿನ ಕಿಲೋಮೀಟರಿಗಿಂತ ಕಾರು ಎಲ್ಲಿ ಮಲಗುತ್ತಿತ್ತು ಎಂಬುದನ್ನು ನಾನು ಮೊದಲು ಕೇಳುತ್ತೇನೆ. ಕಡಲ ದಂಡೆಯ ಹತ್ತಿರ ಬಯಲಲ್ಲಿ ನಿಲ್ಲುತ್ತಿದ್ದ ನಾಲ್ಕು ವರ್ಷದ ಕಾರಿಗಿಂತ, ಮಳೆ ಕಡಿಮೆಯಿರುವ ಮುಂಡಗೋಡ ಅಥವಾ ಹಳಿಯಾಳದ ಕಡೆ ಮಾಡಿನ ಅಡಿಯಲ್ಲಿದ್ದ ಆರು ವರ್ಷದ ಕಾರಿಗೆ ಹೆಚ್ಚು ಹಣ ಕೊಡಲು ನಾನು ಸಿದ್ಧ. ಉಪ್ಪಿನ ತೇವ ಮೊದಲು ಹಿಡಿಯುವುದು ಬಾಗಿಲ ಕೆಳಗಿನ ಅಂಚು, ಚಕ್ರದ ಮೇಲಿನ ಕಮಾನಿನ ಒಳಮಗ್ಗುಲು, ಸ್ಟೆಪ್ನಿ ಇಡುವ ಗುಂಡಿ, ಬಾನೆಟ್ಟಿನ ಹಿಂಜು ಮತ್ತು ಸೈಲೆನ್ಸರಿನ ಕೊಳವೆಗಳನ್ನು. ಕಾರನ್ನು ಗ್ಯಾರೇಜಿಗೆ ಒಯ್ದು ಮೇಲೆತ್ತಿಸಿ ನೋಡಲೇಬೇಕು. ಸ್ಕ್ರೂಡ್ರೈವರಿನ ಹಿಡಿಕೆಯಿಂದ ಮೆಲ್ಲಗೆ ತಟ್ಟಿದಾಗ ಗಟ್ಟಿ ತಗಡು ಠಣ್ ಎನ್ನುತ್ತದೆ, ತುಕ್ಕು ತಿಂದ ತಗಡು ಮಂಕಾಗಿ ಸದ್ದು ಮಾಡುತ್ತದೆ. ಮಾರಾಟಕ್ಕೆ ಮುನ್ನ ಅಡಿಭಾಗಕ್ಕೆ ಹೊಸದಾಗಿ ಕಪ್ಪು ಕೋಟಿಂಗ್ ಬಳಿದಿದ್ದರೆ ಸಂತೋಷಪಡುವ ಬದಲು ಅದರ ಹಿಂದೆ ಏನಿದೆ ಎಂದು ವಿಚಾರಿಸಬೇಕು. ಚಿಕ್ಕ ಅಯಸ್ಕಾಂತವೊಂದನ್ನು ಬಟ್ಟೆಯಲ್ಲಿ ಸುತ್ತಿ ಮೈಮೇಲೆ ಆಡಿಸಿದರೆ ಪುಟ್ಟಿ ತುಂಬಿದ ಜಾಗದಲ್ಲಿ ಅದು ಅಂಟುವುದಿಲ್ಲ.

ಘಟ್ಟದ ಕಾರಿನ ಸವೆತ ಬೇರೆ ಬಗೆಯದು. ಶಿರಸಿಯಿಂದ ಕುಮಟೆಗೆ ದೇವಿಮನೆ ಘಟ್ಟವನ್ನೋ ಯಲ್ಲಾಪುರದಿಂದ ಅಂಕೋಲೆಗೆ ಅರಬೈಲ್ ಘಟ್ಟವನ್ನೋ ವಾರಕ್ಕೆ ಮೂರು ಸಲ ಹತ್ತಿಳಿದ ಕಾರಿನ ಕ್ಲಚ್ಚು, ಬ್ರೇಕು ಬಯಲುಸೀಮೆಯ ಕಾರಿಗಿಂತ ಬೇಗ ಸವೆಯುತ್ತವೆ. ಆದ್ದರಿಂದ ಓಡಿಸಿ ನೋಡುವುದನ್ನು ಪೇಟೆಯೊಳಗೆ ಒಂದು ಸುತ್ತಿಗೆ ಮುಗಿಸದೆ ಏರು ಇರುವ ಕಡೆ ಒಯ್ಯಬೇಕು. ಏರಿನಲ್ಲಿ ಮೂರನೆಯ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ನಿನ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ ಎಂದರ್ಥ. ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಸ್ಟೇರಿಂಗ್ ನಡುಗಿದರೆ ಡಿಸ್ಕ್ ನೋಡಿಸಬೇಕು. ಅಡಿಕೆ ಚೀಲ, ತೆಂಗಿನಕಾಯಿ ಹೊತ್ತ ಕಾರಿನ ಹಿಂಭಾಗದ ಸಸ್ಪೆನ್ಶನ್ ಕುಸಿದಿರುವುದು ಸಾಮಾನ್ಯ. ಸಮತಟ್ಟಾದ ಅಂಗಳದಲ್ಲಿ ನಿಲ್ಲಿಸಿ ಹಿಂದೆ ಸರಿದು ನೋಡಿದರೇ ಕಾಣುತ್ತದೆ. ತೋಟದ ಮನೆಯ ಕಾರಾದರೆ ಇಲಿ ಕಡಿದ ವೈರುಗಳನ್ನೂ ಹುಡುಕಬೇಕು.

ನೆರೆಯ ನೀರು ಕುಡಿದ ಕಾರು ಎಷ್ಟು ಅಗ್ಗವಾದರೂ ಬೇಡ. 2019ರ ಆಗಸ್ಟ್ ಮತ್ತು 2021ರ ಜುಲೈನಲ್ಲಿ ಕಾಳಿ, ಗಂಗಾವಳಿ ದಂಡೆಯ ಊರುಗಳಿಗೆ ನೀರು ನುಗ್ಗಿತ್ತು. ಅದಕ್ಕಿಂತ ಹಳೆಯ ಕಾರು ಆ ಕಡೆಯದ್ದಾದರೆ ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಕೊನೆಯ ಗೇಣಿನಲ್ಲಿ ಕೆಸರಿನ ಕಲೆಯಿದೆಯೇ ನೋಡಬೇಕು, ಕಾರ್ಪೆಟ್ ಎತ್ತಿ ಮೂಸಬೇಕು, ಸೀಟಿನ ಕೆಳಗಿನ ಹಳಿಗಳಲ್ಲಿ ತುಕ್ಕು ಹುಡುಕಬೇಕು. ಬೂಷ್ಟಿನ ವಾಸನೆ ಮಾತ್ರ ನಮ್ಮಲ್ಲಿ ಸಾಕ್ಷಿಯಾಗದು, ಏಕೆಂದರೆ ಜುಲೈನಲ್ಲಿ ಮಲೆನಾಡಿನ ಎಲ್ಲ ಕಾರುಗಳೂ ಬೂಷ್ಟು ಹಿಡಿದಿರುತ್ತವೆ.

ಟೈರಿನ ವಯಸ್ಸು ಅದರ ಪಕ್ಕದಲ್ಲೇ ನಾಲ್ಕು ಅಂಕಿಗಳಲ್ಲಿ ಅಚ್ಚಾಗಿರುತ್ತದೆ: 3521 ಎಂದಿದ್ದರೆ 2021ರ 35ನೆಯ ವಾರದಲ್ಲಿ ತಯಾರಾದದ್ದು. ‘ಟೈರು ಹೊಸದು’ ಎಂಬ ಮಾತಿಗೆ ಈ ಅಂಕಿಗಿಂತ ಹೆಚ್ಚಿನ ಉತ್ತರ ಬೇಕಿಲ್ಲ.

ದೋಷವನ್ನು ರೂಪಾಯಿಗೆ ತಿರುಗಿಸುವುದು

ಸಿಕ್ಕ ದೋಷಗಳನ್ನೆಲ್ಲ ಬಾಯಲ್ಲಿ ಹೇಳಿದರೆ ಮಾರುವವರಿಗೆ ಅವಮಾನವಾಗುತ್ತದೆ, ಬೆಲೆ ಇಳಿಯುವುದಿಲ್ಲ. ಅವನ್ನು ಗ್ಯಾರೇಜಿನವರಿಂದ ಅಂದಾಜು ಪಟ್ಟಿಯಾಗಿ ಬರೆಸಿಕೊಳ್ಳಬೇಕು. ಒಂದು ಉದಾಹರಣೆ ನೋಡೋಣ. ಅಂಕಿಗಳು ಲೆಕ್ಕದ ಬಗೆ ತೋರಿಸಲು ಮಾತ್ರ. ಆರು ವರ್ಷದ ಸಣ್ಣ ಪೆಟ್ರೋಲ್ ಕಾರಿಗೆ 4,25,000 ರೂಪಾಯಿ ಹೇಳಿದ್ದಾರೆ. ಅಂಥದೇ ಕಾರುಗಳು ಸುಮಾರು 4,00,000ಕ್ಕೆ ಸಿಗುತ್ತವೆ ಎಂದು ನಾವು ಕಂಡುಕೊಂಡಿದ್ದೇವೆ. ಗ್ಯಾರೇಜಿನ ಪಟ್ಟಿಯಲ್ಲಿ ನಾಲ್ಕು ಟೈರಿಗೆ 18,000, ಕ್ಲಚ್ಚಿಗೆ 12,000, ತುಕ್ಕಿನ ಕೆಲಸಕ್ಕೆ 8,000, ಬ್ಯಾಟರಿಗೆ 5,000, ಒಟ್ಟು 43,000 ಬಂದಿದೆ. ಈ 43,000ವನ್ನು ಪೂರ್ತಿ ಕಳೆಯಿರಿ ಎಂದು ಕೇಳುವುದು ನ್ಯಾಯವಲ್ಲ, ಏಕೆಂದರೆ ಆರು ವರ್ಷದ ಕಾರಿನ ಸಾಮಾನ್ಯ ಬೆಲೆಯಲ್ಲಿ ಸ್ವಲ್ಪ ಸವೆತ ಆಗಲೇ ಸೇರಿಕೊಂಡಿದೆ. ನಾನಾದರೆ ಕ್ಲಚ್ಚು, ತುಕ್ಕನ್ನು ಪೂರ್ತಿ, ಟೈರನ್ನು ಅರ್ಧ ಹಿಡಿದು, ಬ್ಯಾಟರಿಯನ್ನು ಬಿಟ್ಟುಬಿಡುತ್ತೇನೆ. ಆಗ ಕಳೆಯಬೇಕಾದದ್ದು 29,000, ಉಳಿಯುವುದು 3,71,000. ಆರಂಭದಲ್ಲಿ 3,55,000 ಹೇಳಿ, 3,70,000ದ ಸುತ್ತ ನಿಲ್ಲಿಸಲು ನೋಡಿ, 3,78,000 ದಾಟಿದರೆ ಎದ್ದು ಬರುವುದು. ಈ ಮೂರು ಸಂಖ್ಯೆಗಳನ್ನು ಜಗಲಿ ಹತ್ತುವ ಮೊದಲೇ ಚೀಟಿಯಲ್ಲಿ ಬರೆದು ಕಿಸೆಯಲ್ಲಿಟ್ಟುಕೊಳ್ಳಬೇಕು. ಬರೆಯದಿದ್ದರೆ ಎರಡನೆಯ ಲೋಟ ಚಹಾದ ನಂತರ ಮೂರನೆಯ ಸಂಖ್ಯೆ ತಾನಾಗಿಯೇ ಮೇಲೇರುತ್ತದೆ.

ಮಾತನ್ನು ಹೀಗೆ ಇಡಬಹುದು: ‘ಹೆಗಡೇರೆ, ಕಾರು ನಮಗೆ ಮನಸ್ಸಿಗೆ ಬಂದಿದೆ. ಗ್ಯಾರೇಜಿನವರು ಇಷ್ಟು ಕೆಲಸ ಇದೆ ಎಂದು ಬರೆದುಕೊಟ್ಟಿದ್ದಾರೆ, ನೀವೇ ಒಮ್ಮೆ ನೋಡಿ ಏನು ಮಾಡಬಹುದು ಹೇಳಿ.’ ಇಷ್ಟು ಹೇಳಿ ಸುಮ್ಮನಾಗಬೇಕು. ಮೌನವನ್ನು ತುಂಬಲು ನಾವೇ ಮತ್ತೊಂದು ಬೆಲೆ ಹೇಳುವುದು ಎಲ್ಲರೂ ಮಾಡುವ ತಪ್ಪು. ಅವರು ಬೆಲೆಯಲ್ಲಿ ಇಳಿಯದಿದ್ದರೆ ಬೇರೆ ದಾರಿ ತೆರೆದಿರುತ್ತದೆ: ಹೊಸ ಬ್ಯಾಟರಿ ಹಾಕಿಸಿಕೊಡಬಹುದು, ಆರ್‌ಸಿ ವರ್ಗಾವಣೆಯ ಖರ್ಚು ಭರಿಸಬಹುದು, ಕ್ಲಚ್ ಕೆಲಸ ಮುಗಿಸಿಯೇ ಕಾರು ಕೊಡಬಹುದು. ಇನ್ನು ನಮ್ಮ ಕಡೆಯ ‘ಅಡ್ಡಿಲ್ಲೆ’ ಎಂಬ ಪದದ ಬಗ್ಗೆ ಎಚ್ಚರ ಬೇಕು. ಅದು ಒಪ್ಪಿಗೆಯೂ ಆಗಬಹುದು, ಎದುರಿನವರ ಮುಖ ಕೆಡಿಸದೆ ಮಾತು ಮುಂದೂಡುವ ಸೌಜನ್ಯವೂ ಆಗಬಹುದು. ಅಡ್ಡಿಲ್ಲೆ ಎಂದ ಕೂಡಲೇ ಮೊತ್ತವನ್ನು ಸಂಖ್ಯೆಯಲ್ಲಿ ಮತ್ತೊಮ್ಮೆ ಹೇಳಿ, ಮೊಬೈಲಿನಲ್ಲಿ ಎರಡು ಸಾಲು ಬರೆದು ಕಳಿಸಿಬಿಡಬೇಕು.

ನಡುವೆ ದಲ್ಲಾಳಿಯಿದ್ದರೆ ಅವನ ಕಮಿಷನ್ ಯಾರು ಕೊಡುತ್ತಾರೆ ಎಂಬುದನ್ನು ಮೊದಲ ಮಾತಿನಲ್ಲೇ ಬಿಡಿಸಿಕೊಳ್ಳಬೇಕು. ಎರಡೂ ಕಡೆಯಿಂದ ಪಡೆಯುವವರಿದ್ದಾರೆ, ಅಂಥವರಿಗೆ ಬೆಲೆ ಏರಿದರೂ ಇಳಿದರೂ ನಷ್ಟವಿಲ್ಲ.

ಗೋವಾ ನಂಬರು, ಬಿಎಚ್ ನಂಬರು

ಕಾರವಾರದಿಂದ ಗಡಿ ದಾಟಿದರೆ ಕಾರುಗಳು ಅಗ್ಗವಾಗಿ ಕಾಣುತ್ತವೆ. ಗೋವಾದಲ್ಲಿ ರಸ್ತೆ ತೆರಿಗೆ ಕಡಿಮೆ. ಕರ್ನಾಟಕದಲ್ಲಿ ಹೊಸ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಬೆಲೆಯನ್ನು ಅನುಸರಿಸಿ ಶೇ 13ರಿಂದ 18ರವರೆಗೆ ಜೀವಿತಾವಧಿ ತೆರಿಗೆಯಿದೆ, ಅದರ ಮೇಲೆ ಸೆಸ್ಸು. ಹಳೆಯ ಕಾರಿಗೆ ವಯಸ್ಸು ಏರಿದಂತೆ ಈ ತೆರಿಗೆ ಇಳಿಯುತ್ತದೆ, ಆದರೆ ಇಲ್ಲವಾಗುವುದಿಲ್ಲ. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಳ್ಳುವ ಕಾರಿಗೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲವೆಂಬ ಪತ್ರ ತಂದು ಇಲ್ಲಿನ ನಂಬರು ಪಡೆಯಲೇಬೇಕು. ಬಿಎಚ್ ಕಾರಿನ ತೆರಿಗೆ ಎರಡೆರಡು ವರ್ಷಕ್ಕೆ ಕಟ್ಟುವಂಥದು. ಆ ಸರಣಿಗೆ ಅರ್ಹರಲ್ಲದವರು ಕೊಂಡರೆ ರಾಜ್ಯದ ತೆರಿಗೆ ಕಟ್ಟಿ ನಂಬರು ಬದಲಿಸಿಕೊಳ್ಳಬೇಕಾಗುತ್ತದೆ. ಆದ್ದರಿಂದ ಇಂಥ ಕಾರಿನ ಬೆಲೆ ಮಾತಾಡುವ ಮೊದಲು ಕಾರವಾರ, ಹೊನ್ನಾವರ, ಶಿರಸಿ ಅಥವಾ ದಾಂಡೇಲಿಯಲ್ಲಿ ನಮ್ಮ ವ್ಯಾಪ್ತಿಗೆ ಬರುವ ಆರ್‌ಟಿಒ ಕಚೇರಿಯಲ್ಲಿ ಆ ಕಾರಿನ ವಯಸ್ಸಿಗೆ ಎಷ್ಟು ತೆರಿಗೆ ಬೀಳುತ್ತದೆಂದು ಕೇಳಿ, ಆ ಮೊತ್ತವನ್ನು ಕೆಎ-30 ಅಥವಾ ಕೆಎ-31 ನಂಬರಿನ ಅಂಥದೇ ಕಾರಿನ ಬೆಲೆಯಿಂದ ಕಳೆಯಬೇಕು. ಓಡಾಟದ ಕಷ್ಟಕ್ಕೂ ಸ್ವಲ್ಪ ಕಳೆಯಬೇಕು. ಉಳಿದದ್ದಕ್ಕಿಂತ ಕಡಿಮೆಗೆ ಸಿಕ್ಕರೆ ಮಾತ್ರ ಗೋವಾದ ಕಾರು ಅಗ್ಗ.

ಮಾರುವವರಿಗೆ

ಮಾರುವವರು ಮಾಡಬಹುದಾದ ಅತ್ಯುತ್ತಮ ಕೆಲಸವೆಂದರೆ ಮೇಲಿನ ಪರೀಕ್ಷೆಯನ್ನು ತಾವೇ ಮೊದಲು ಮಾಡಿಸುವುದು. ತುಕ್ಕು ಎಲ್ಲಿದೆ, ಕ್ಲಚ್ ಎಷ್ಟು ಉಳಿದಿದೆ ಎಂದು ತಾವೇ ಪಟ್ಟಿ ಕೊಟ್ಟು ‘ಇದನ್ನೆಲ್ಲ ಕಳೆದೇ ಬೆಲೆ ಹೇಳಿದ್ದೇನೆ’ ಎಂದರೆ ಕೊಳ್ಳುವವರ ಕೈಯಲ್ಲಿ ಹೆಚ್ಚು ಅಸ್ತ್ರ ಉಳಿಯುವುದಿಲ್ಲ. ಸರ್ವಿಸ್ ರಸೀದಿಗಳನ್ನು ತಾರೀಕಿನ ಕ್ರಮದಲ್ಲಿ ಜೋಡಿಸಿಡಬೇಕು, ಎರಡನೆಯ ಕೀಲಿಯನ್ನು ಹುಡುಕಿಡಬೇಕು. ಸಣ್ಣ ಗೀರು, ತಗ್ಗುಗಳಿಗೆ ಟಿಂಕರಿಂಗ್, ಪೇಂಟಿಂಗ್ ಮಾಡಿಸಲು ಹೋಗಬಾರದು. ಹಾಕಿದ ಹಣ ಬರುವುದಿಲ್ಲ, ಹೊಸ ಬಣ್ಣ ಕಂಡವರಿಗೆ ಅಪಘಾತದ ಅನುಮಾನವೂ ಬರುತ್ತದೆ. ಮೈ ತೊಳೆಸಿ, ಒಳಗಿನ ಬೂಷ್ಟು ತೆಗೆಸಿ, ಬಿಸಿಲಿಗೆ ಒಣಗಿಸಿದರೆ ಸಾಕು. ಹೇಳುವ ಬೆಲೆಯಲ್ಲಿ ಶೇ 5ರಿಂದ 7ರಷ್ಟು ಬಿಟ್ಟುಕೊಡಲು ಜಾಗ ಇಟ್ಟುಕೊಳ್ಳುವುದು ನನ್ನ ಪದ್ಧತಿ. ಅದಕ್ಕಿಂತ ಹೆಚ್ಚಾದರೆ ಫೋನೇ ಬರುವುದಿಲ್ಲ. ಬಿಟ್ಟುಕೊಡುವಾಗ ಸಮನಾದ ಹೆಜ್ಜೆಗಳಲ್ಲಿ ಇಳಿಯದೆ ಮೊದಲು ಹತ್ತು, ಆಮೇಲೆ ಐದು, ಆಮೇಲೆ ಎರಡು ಸಾವಿರ ಎಂಬಂತೆ ಕುಗ್ಗುತ್ತ ಹೋದರೆ ತಳ ಹತ್ತಿರವಾಯಿತೆಂದು ಎದುರಿನವರಿಗೆ ತಾನಾಗಿಯೇ ತಿಳಿಯುತ್ತದೆ. ನೆಂಟರಿಗೇ ಮಾರುವುದಾದರೆ ಬೆಲೆಯನ್ನು ಮೊದಲೇ ತಗ್ಗಿಸಿ ಒಂದೇ ಮಾತು ಹೇಳಿಬಿಡುವುದು ವಾಸಿ, ಏಕೆಂದರೆ ಅವರೊಡನೆ ನಾಲ್ಕು ಸುತ್ತು ಚೌಕಾಸಿ ಮಾಡಿದ್ದು ಮುಂದಿನ ಮದುವೆ-ಮುಂಜಿಗಳಲ್ಲೆಲ್ಲ ಸುದ್ದಿಯಾಗುತ್ತದೆ.

ಹಳೆಯ ಕಾರು ಕೊಟ್ಟು ಹೊಸದು ಕೊಳ್ಳುವವರು ಶೋರೂಮಿನಲ್ಲಿ ಮೊದಲು ಹೊಸ ಕಾರಿನ ರಿಯಾಯಿತಿಯನ್ನು ಲಿಖಿತವಾಗಿ ಪಡೆದು, ಆಮೇಲೆ ಹಳೆಯದರ ವಿಷಯ ತೆಗೆಯಬೇಕು. ಎರಡನ್ನೂ ಒಟ್ಟಿಗೆ ಮಾತಾಡಿದರೆ ಒಂದರಲ್ಲಿ ಕೊಟ್ಟದ್ದನ್ನು ಇನ್ನೊಂದರಲ್ಲಿ ಹಿಂದಕ್ಕೆ ಪಡೆಯುತ್ತಾರೆ. ಹುಬ್ಬಳ್ಳಿಯ ಶೋರೂಮಿನ ಕೊಟೇಶನ್ ಕೈಯಲ್ಲಿದ್ದರೆ ಶಿರಸಿಯಲ್ಲಿ, ಕಾರವಾರದಲ್ಲಿ ಮಾತು ಸುಲಭ. ಅದರಲ್ಲಿ ಎಕ್ಸ್ ಶೋರೂಮ್ ಬೆಲೆ ಮತ್ತು ತೆರಿಗೆ ಬದಲಾಗುವುದಿಲ್ಲ. ಚೌಕಾಸಿಗೆ ಸಿಗುವುದು ವಿಮೆ, ಆಕ್ಸೆಸರಿ, ಹೆಚ್ಚುವರಿ ವಾರಂಟಿ ಮತ್ತು ‘ಹ್ಯಾಂಡ್ಲಿಂಗ್’ ಎಂಬ ಹೆಸರಿನ ಶುಲ್ಕ. ವಿಮೆಯನ್ನು ಹೊರಗಿನಿಂದ ತರುವ ಸ್ವಾತಂತ್ರ್ಯ ಗ್ರಾಹಕರಿಗಿದೆ.

ಹಣ ಮತ್ತು ಕಾಗದ

ಮುಂಗಡ ಐದೋ ಹತ್ತೋ ಸಾವಿರ ಸಾಕು, ಮತ್ತು ಅದಕ್ಕೆ ರಸೀದಿ ಬೇಕು. ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸುತ್ತದೆ, ಆದ್ದರಿಂದ ಉಳಿದದ್ದು ಬ್ಯಾಂಕಿನ ಮೂಲಕವೇ ಹೋಗಲಿ. ಕೊಳ್ಳುವವರು ಮೊಬೈಲಿನಲ್ಲಿ ತೋರಿಸಿದ ಸ್ಕ್ರೀನ್‌ಶಾಟ್ ನಂಬಿ ಮಾರುವವರು ಕೀಲಿ ಕೊಡಬಾರದು. ಹಣ ತಮ್ಮ ಖಾತೆಗೆ ಬಂದದ್ದನ್ನು ನೋಡಬೇಕು. ಆರ್‌ಸಿಯಲ್ಲಿ ಬ್ಯಾಂಕಿನ ಅಥವಾ ಸಹಕಾರಿ ಸಂಘದ ಹೆಸರು ಇದ್ದರೆ ಸಾಲ ತೀರಿದ ಪತ್ರ ಮತ್ತು ಆರ್‌ಸಿಯಿಂದ ಆ ಹೆಸರು ತೆಗೆಸುವ ಫಾರ್ಮ್ 35 ಸಿಗುವವರೆಗೆ ಪೂರ್ತಿ ಹಣ ಕೊಡುವುದು ತಪ್ಪು. ದಂಡದ ಬಾಕಿ ಇದೆಯೇ ಎಂಬುದು ಪರಿವಾಹನ್ ಜಾಲತಾಣದಲ್ಲಿ ಗೊತ್ತಾಗುತ್ತದೆ.

‘ವಿಮೆ ಇನ್ನೂ ಎಂಟು ತಿಂಗಳಿದೆ’ ಎಂದು ಬೆಲೆ ಏರಿಸುವವರಿಗೆ ಒಂದು ಉತ್ತರವಿದೆ. ಕ್ಲೇಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿ, ಅಂದರೆ ಎನ್‌ಸಿಬಿ, ಕಾರಿಗಲ್ಲ, ಮಾಲೀಕರಿಗೆ ಸೇರಿದ್ದು. ಅದು ಶೇ 50ರವರೆಗೂ ಇರಬಹುದು. ವಿಮೆ ಹೊಸ ಹೆಸರಿಗೆ ಬರುವಾಗ ಆ ರಿಯಾಯಿತಿಯ ಪಾಲನ್ನು ಕೊಳ್ಳುವವರು ಕಟ್ಟಬೇಕಾಗುತ್ತದೆ. ಮಾರುವವರಿಗೆ ಇದೇ ಲಾಭ: ವಿಮೆಯವರಿಂದ ಪತ್ರ ಪಡೆದು ಆ ರಿಯಾಯಿತಿಯನ್ನು ತಮ್ಮ ಮುಂದಿನ ಕಾರಿಗೆ ಒಯ್ಯಬಹುದು. ಕೊಳ್ಳುವವರು 14 ದಿನಗಳೊಳಗೆ ವಿಮೆಯ ವರ್ಗಾವಣೆಗೆ ಅರ್ಜಿ ಕೊಡಬೇಕು.

ಮಾಲೀಕರ ಹೆಸರು ಬದಲಿಸುವ ಫಾರ್ಮ್ 29 ಮತ್ತು 30ಕ್ಕೆ ಸಹಿಯಾಗದೆ ಕಾರು ಅಂಗಳ ಬಿಡಬಾರದು. ಒಂದೇ ರಾಜ್ಯದೊಳಗೆ ಮಾರಿದವರು 14 ದಿನಗಳಲ್ಲಿ, ಹೊರರಾಜ್ಯಕ್ಕೆ ಮಾರಿದವರು 45 ದಿನಗಳಲ್ಲಿ ಆರ್‌ಟಿಒಗೆ ತಿಳಿಸಬೇಕು. ಕೊಂಡವರಿಗೆ 30 ದಿನಗಳ ಗಡುವಿದೆ. ‘ನೆಂಟರಲ್ಲವೇ, ನಿಧಾನವಾಗಿ ಹೆಸರು ಬದಲಿಸಿಕೊಳ್ಳುತ್ತಾರೆ’ ಎಂದು ಬಿಡುವವರು ನಮ್ಮಲ್ಲಿ ಬಹಳ ಮಂದಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ, ಕಾರು ಆಗಲೇ ಮೂರು ಕೈ ದಾಟಿದ್ದರೂ. ಹೀಗಾಗಿ ಕಾರು ಕೊಡುವ ದಿನ ತಾರೀಕು ಮತ್ತು ಗಂಟೆಯನ್ನು ಬರೆದ ಹಸ್ತಾಂತರದ ಪತ್ರಕ್ಕೆ ಇಬ್ಬರೂ ಸಹಿ ಮಾಡಿ, ಆಧಾರ್ ಪ್ರತಿಗಳನ್ನು ಬದಲಿಸಿಕೊಳ್ಳಬೇಕು, ಫಾಸ್ಟ್ಯಾಗ್ ಮುಚ್ಚಿಸಬೇಕು. ಒಂದು ತಿಂಗಳ ನಂತರ ಮಾರಿದವರು ಎಂಪರಿವಾಹನ್ ಆ್ಯಪ್‌ನಲ್ಲಿ ಆ ನಂಬರು ಹಾಕಿ, ತಮ್ಮ ಹೆಸರು ಇನ್ನೂ ಅಲ್ಲೇ ಇದ್ದರೆ ಅದೇ ದಿನ ಕೊಂಡವರಿಗೆ ಫೋನು ಮಾಡಬೇಕು.